ಮುಂದಿನ ಮಾಡೆಲ್ ಬರಲಿ

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ನಮ್ಮಣ್ಣನಿಗೆ ‘ಮುಂದಿನ ಮಾಡೆಲ್’ ಎಂದೇ ಹೆಸರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಒಂಬತ್ತು ವರ್ಷ ಅದೇ ಅಂಗಡಿಗೆ ಹೋಗಿ, ಅದೇ ಸ್ಟೂಲಿನ ಮೇಲೆ ಕೂತು, ಒಂದೇ ಒಂದು ಪ್ರೊಸೆಸರ್ ಕೊಳ್ಳದೆ ಎದ್ದು ಬಂದವನಿಗೆ ಅಷ್ಟು ಬಿರುದಾದರೂ ಸಿಗಬೇಡವೇ. ಕಂಪ್ಯೂಟರಿನ ಮಿದುಳು ಅನ್ನುತ್ತಾರಲ್ಲ, ಅಂಗೈಯಲ್ಲಿ ಹಿಡಿಸುವ ಆ ಚೌಕ ಬಿಲ್ಲೆ, ಅದನ್ನು ಆರಿಸುವುದರಲ್ಲೇ ಅವನ ನಡುವಯಸ್ಸು ಕಳೆಯಿತು. ನಾನು ಅವನ ತಂಗಿ. ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಯುವವಳು. ಅಳತೆ ತೆಗೆದುಕೊಂಡ ಮೇಲೆ ಕತ್ತರಿ ಹಾಕಲೇಬೇಕು ಎಂಬುದು ನನ್ನ ಕಸುಬಿನ ನಿಯಮ. ತಡ ಮಾಡಿದರೆ ಬಟ್ಟೆ ಇದ್ದಷ್ಟೇ ಇರುತ್ತದೆ, ಮಗು ಬೆಳೆದುಬಿಟ್ಟಿರುತ್ತದೆ. ಇದನ್ನು ಅಣ್ಣನಿಗೆ ಎಷ್ಟು ಸಲ ಹೇಳಿದೆನೋ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಅಣ್ಣ ಮೊದಲು ಬೋರ್ಡು ಬರೆಯುತ್ತಿದ್ದ. ತಗಡಿನ ಹಾಳೆಗೆ ಎನಾಮೆಲ್ ಬಳಿದು, ಅಂಚು ಕಟ್ಟಿ, ಅಂಗಡಿಯ ಹೆಸರು ಬರೆಯುವ ಕೆಲಸ. ಅವನ ಅಕ್ಷರ ಎಷ್ಟು ಮುದ್ದಾಗಿತ್ತೆಂದರೆ, ಮೊಳೆ ತಿರುಪು ಮಾರುವ ಅಂಗಡಿಯ ಸಾಮಾನು ಪಟ್ಟಿಯನ್ನೂ ಜನ ನಿಂತು ಓದುತ್ತಿದ್ದರು. ಆಮೇಲೆ ಫ್ಲೆಕ್ಸ್ ಮೆಷಿನ್ ಬಂತು. ಇವನು ಮೂರು ದಿನ ಕೂತು ಬರೆಯುವುದನ್ನು ಅದು ಐದು ನಿಮಿಷದಲ್ಲಿ ಉಗುಳಿತು. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಅಣ್ಣ ಕುಂಚಗಳನ್ನು ತೊಳೆದು ಡಬ್ಬಿಗೆ ಹಾಕಿ, ತನ್ನ ಅನ್ನ ಕಿತ್ತುಕೊಂಡ ಫ್ಲೆಕ್ಸ್ ಅಂಗಡಿಯಲ್ಲೇ ಡಿಸೈನ್ ಮಾಡುವ ಕೆಲಸಕ್ಕೆ ಸೇರಿದ. ಹೊಟ್ಟೆಪಾಡು, ಏನು ಮಾಡುವುದು.

ಅಲ್ಲಿ ಕಂಪ್ಯೂಟರ್ ಕಲಿತವನು, ತೆರೆಯ ಮೇಲೇ ಬೊಂಬೆಗಳನ್ನು ಕಟ್ಟಿ ಓಡಾಡಿಸುವ ಅನಿಮೇಷನ್ನನ್ನೂ ತಾನೇ ನೋಡಿ ನೋಡಿ ಕಲಿತ. ಅದಕ್ಕೆ ಕಾರಣ ಅವನ ಒಬ್ಬಳೇ ಮಗಳು. ಬಾಯಿಗೆ ಬಿಡುವಿಲ್ಲದ ಹುಡುಗಿ, ಮನೆಯಲ್ಲಿ ಅವಳನ್ನು ಚಿನಕುರಳಿ ಎನ್ನುತ್ತಿದ್ದೆವು. ದನಿ ತುಸು ಒಡಕು, ತುಸು ಮೂಗಿನದು. ಸಿಟ್ಟು ಬಂದಾಗ ಕೊನೆಯ ಮಾತನ್ನು ಎಳೆದು ಎಳೆದು ಹೇಳುತ್ತಿದ್ದಳು. ಅವಳಿಗೆ ಏಳು ವರ್ಷವಿದ್ದಾಗ ಅಪ್ಪ ಮಗಳು ಕೂತು ಒಂದು ಕಥೆ ಕಟ್ಟಿದರು. ಅಂಗಡಿಯೊಂದರ ಬೋರ್ಡಿನ ಹಿಂದೆ ಅಳಿಲಿನ ಗೂಡು. ತಾಯಿ ಕಾಳು ತರಲು ಹೋದಾಗ ಯಾರೋ ಬಂದು ಬೋರ್ಡು ಇಳಿಸುತ್ತಾರೆ. ಮರಿ ಬೀದಿಗಿಳಿದು ಸಿಕ್ಕಸಿಕ್ಕವರನ್ನೆಲ್ಲ ‘ನಮ್ಮಮ್ಮನ್ನ ನೋಡಿದ್ರಾ?’ ಎಂದು ಕೇಳುತ್ತಾ ಹೋಗುತ್ತದೆ. ಆರು ನಿಮಿಷದ ಸಿನಿಮಾ. ಮಾತಾಡುವುದು ಮರಿ ಒಂದೇ, ಒಟ್ಟು ಹನ್ನೊಂದು ಮಾತು. ಅದು ಚಿನಕುರಳಿಯ ದನಿಯಲ್ಲೇ ಬರಬೇಕು. ಅಣ್ಣ ಸಿನಿಮಾ ಮಾಡಲು ಹೊರಟಿದ್ದೇ ಆ ದನಿಗೋಸ್ಕರ.

‘ಈ ದನಿ ಹೀಗೇ ಇರಲ್ಲ ಕಣೇ, ಹಿಡಿದಿಟ್ಕೋಬೇಕು,’ ಎಂದು ನನ್ನ ಹತ್ತಿರ ಅವನೇ ಹೇಳಿದ್ದ. ನಾನು ಗುಂಡಿ ಹೊಲಿಯುತ್ತಿದ್ದೆ, ಹೌದು ಎಂದೆ.

ಆದರೆ ಬೋರ್ಡು ಬರೆಯುವವರಲ್ಲಿ ಒಂದು ಕ್ರಮವಿದೆ. ಮೊದಲು ನೆಲಬಣ್ಣ, ಅದು ಚೆನ್ನಾಗಿ ಒಣಗಬೇಕು. ಆಮೇಲೆ ಅಂಚು, ಚಿತ್ರ. ಅಕ್ಷರ ಎಲ್ಲಕ್ಕಿಂತ ಕೊನೆಗೆ. ಹಸಿ ಬಣ್ಣದ ಮೇಲೆ ಅಕ್ಷರ ಬರೆದವನನ್ನು ಅವರು ಕಸುಬುದಾರ ಎಂದು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಹಾಗೇ ಬರೆದ ಅಣ್ಣನಿಗೆ ಸಿನಿಮಾದ ಮಾತೂ ಅಕ್ಷರದ ಹಾಗೇ ಕಂಡಿತು. ಚಿತ್ರ ಪೂರ್ತಿ ಆಗಲಿ, ಮಾತು ಕೊನೆಗೆ. ಅನಿಮೇಷನ್ ಮಾಡುವವರೆಲ್ಲ ಮಾತನ್ನು ಮೊದಲು ರೆಕಾರ್ಡ್ ಮಾಡಿಕೊಂಡು, ಬೊಂಬೆಯ ಬಾಯಿಯನ್ನು ಆಮೇಲೆ ಅದಕ್ಕೆ ಹೊಂದಿಸುತ್ತಾರಂತೆ. ಇದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಣ್ಣ ಕನ್ನಡಿಯ ಮುಂದೆ ನಿಂತು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಹನ್ನೊಂದು ಮಾತನ್ನೂ ತಾನೇ ಹೇಳಿಕೊಂಡು, ಅದರ ಪ್ರಕಾರ ಅಳಿಲಿನ ಬಾಯಿ ಆಡಿಸಿದ. ಮೀಸೆ ಹೊತ್ತ ಗಂಡಸು ಕನ್ನಡಿಗೆ ‘ನಮ್ಮಮ್ಮನ್ನ ನೋಡಿದ್ರಾ?’ ಎಂದು ಕೇಳುವುದನ್ನು ನೋಡಿ ನಾನೂ ಅತ್ತಿಗೆಯೂ ಬಿದ್ದು ಬಿದ್ದು ನಕ್ಕಿದ್ದೇವೆ.

ಚಿನಕುರಳಿಗೆ ಎಂಟು ತುಂಬುವ ಹೊತ್ತಿಗೆ ಅಳಿಲು ಸಿದ್ಧವಾಯಿತು. ಮೈಮೇಲೆ ಎರಡು ಲಕ್ಷ ಕೂದಲು, ಒಂದೊಂದಕ್ಕೂ ಬೇರೆ ಬೆಳಕು, ಬೇರೆ ನೆರಳು. ಇನ್ನು ಉಳಿದದ್ದು ರೆಂಡರ್. ಅಂದರೆ, ಇವನು ಕಟ್ಟಿದ್ದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಒಂದೊಂದೇ ಚಿತ್ರ ಬರೆದುಕೊಡುವ ಕೆಲಸ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಆರು ನಿಮಿಷಕ್ಕೆ ಎಂಟು ಸಾವಿರದ ಆರುನೂರ ನಲವತ್ತು. ಅವನ ಹಳೆಯ ಕಂಪ್ಯೂಟರ್ ಹಿಟ್ಟಿನ ಗಿರಣಿಯ ಹಾಗೆ ಫ್ಯಾನು ತಿರುಗಿಸಿಕೊಂಡು ಒಂದು ಚಿತ್ರಕ್ಕೆ ಮೂವತ್ತೈದು ನಿಮಿಷ ತೆಗೆದುಕೊಂಡಿತು. ನಿಲ್ಲಿಸದೆ ಓಡಿಸಿದರೂ ಪೂರ್ತಿ ಸಿನಿಮಾಕ್ಕೆ ಏಳು ತಿಂಗಳು.

‘ಏಳು ತಿಂಗಳು ಯಾರು ಕಾಯ್ತಾರೆ?’ ಎಂದ ಅಣ್ಣ. ‘ಒಳ್ಳೇ ಪ್ರೊಸೆಸರ್ ಹಾಕಿ ಹೊಸ ಕಂಪ್ಯೂಟರ್ ಕಟ್ಟಿದ್ರೆ ಒಂದು ತಿಂಗಳ ಕೆಲಸ.’

ಏಳು ತಿಂಗಳು ಕಾಯಲಾರದವನು ಒಂಬತ್ತು ವರ್ಷ ಕಾದ. ಅಷ್ಟರಲ್ಲಿ ಆ ಹಳೆಯ ಗಿರಣಿಯಲ್ಲೇ ಸಿನಿಮಾ ಹದಿನೈದು ಸಲ ಮುಗಿಯುತ್ತಿತ್ತು, ನಾನು ಗುಣಿಸಿ ನೋಡಿದ್ದೇನೆ. ದುಡ್ಡಿನ ತೊಂದರೆ ಇರಲಿಲ್ಲ, ಅದನ್ನು ಮೊದಲ ವರ್ಷವೇ ತೆಗೆದಿಟ್ಟಿದ್ದ. ತೊಂದರೆ ಇದ್ದದ್ದು ಅವನ ಕಣ್ಣಿನಲ್ಲಿ. ಅಕ್ಷರದ ಬಾಲ ಕೂದಲೆಳೆಯಷ್ಟು ಓರೆಯಾದರೆ ಇಡೀ ಬೋರ್ಡು ಅಳಿಸಿ ಬರೆದವನು, ಮಗಳ ದನಿ ಕೂರುವ ಚಿತ್ರಕ್ಕೆ ಎರಡನೇ ದರ್ಜೆಯ ಬಿಲ್ಲೆ ಹಾಕುವುದುಂಟೇ.

ಮೊದಲ ಸಲ ಅವನ ಜೊತೆ ನಾನೂ ಆ ಅಂಗಡಿಗೆ ಹೋಗಿದ್ದೆ. ನೂಲಿನ ಉಂಡೆ ತರಲು ಅದೇ ಬೀದಿಗೆ ಹೋಗಬೇಕಿತ್ತು. ಕಿರಿದಾದ ಅಂಗಡಿ, ಗೋಡೆ ತುಂಬ ಸಣ್ಣ ದೊಡ್ಡ ರಟ್ಟಿನ ಪೆಟ್ಟಿಗೆಗಳು. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ಮೆತ್ತಗೆ ಮುಂದಿಟ್ಟ.

‘ರೆಂಡರ್‌ಗೆ ಕೋರ್ ಜಾಸ್ತಿ ಇರ್ಬೇಕು ಸರ್. ಕೋರ್ ಅಂದ್ರೆ ಕೈ ಅಂದ್ಕೊಳ್ಳಿ. ಇದಕ್ಕೆ ಎಂಟು ಕೈ, ಎಂಟೂ ಒಟ್ಟಿಗೆ ಕೆಲಸ ಮಾಡ್ತವೆ.’

‘ಇದಕ್ಕಿಂತ ಒಳ್ಳೇದು ಬರುತ್ತಾ?’

‘ಬರದೆ ಏನು ಸರ್? ಆರು ತಿಂಗಳಲ್ಲಿ ಹನ್ನೆರಡು ಕೈ ಇರೋದು ಬರುತ್ತೆ ಅಂತಿದಾರೆ.’

ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದ. ಅವತ್ತು ಅವನು ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಮನೆಗೆ ದೊಡ್ಡ ಉಪಕಾರವಾಗುತ್ತಿತ್ತು. ಅಣ್ಣ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿ, ‘ಹಾಗಾದ್ರೆ ಅದು ಬರಲಿ’ ಎಂದು ಎದ್ದ.

ಹನ್ನೆರಡು ಕೋರಿನದು ಬಂತು. ಅದು ಕಾದ ಹೆಂಚಿನಂತೆ ಬಿಸಿಯಾಗುತ್ತದೆ ಎಂದು ಯಾರೋ ಬರೆದರು. ಬಿಸಿ ಇಳಿಸಲು ಎಂಥ ಕೂಲರ್ ಬೇಕು ಎಂದು ನೋಡುವುದರಲ್ಲಿ ಒಂದು ವರ್ಷ ಹೋಯಿತು. ಅಷ್ಟರಲ್ಲಿ ಎದುರಾಳಿ ಕಂಪನಿ ಇನ್ನೂ ವೇಗದ್ದು ತಂದಿತು. ಅದಕ್ಕೆ ಸರಿ ಎನ್ನುವಾಗ, ಪ್ರೊಸೆಸರ್ ಕೂರುವ ಸಾಕೆಟ್ಟೇ ಬದಲಾಗುತ್ತದೆ, ಈಗ ಕೊಂಡರೆ ಮುಂದೆ ಬೇರೆಯದು ಹಾಕಲಾಗುವುದಿಲ್ಲ ಎಂಬ ಸುದ್ದಿ ಬಂತು. ಸಾಕೆಟ್ ಬದಲಾದಾಗ ಮೆಮೊರಿಯೂ ಹೊಸ ಬಗೆಯದು ಬರುವುದಿತ್ತು. ಒಂದೊಂದು ಸಲವೂ ಅವನು ಹೇಳುವ ಕಾರಣ ಸರಿಯಾಗೇ ಇರುತ್ತಿತ್ತು. ತಪ್ಪು ಅಂತ ಜಗಳ ಆಡಲು ನಮಗೆ ಒಂದು ಎಳೆಯೂ ಸಿಗುತ್ತಿರಲಿಲ್ಲ.

ಮೀನಮೇಷ ಎಣಿಸುವುದನ್ನೂ ಅವನು ಅಂದವಾಗಿ ಎಣಿಸಿದ. ಹಳೆಯ ದೊಡ್ಡ ತಗಡಿನ ಹಾಳೆಯೊಂದನ್ನು ಗೋಡೆಗೆ ಒರಗಿಸಿ, ಡಬ್ಬಿಯಿಂದ ಕುಂಚ ತೆಗೆದು, ಅದರ ಮೇಲೆ ಕೋಷ್ಟಕ ಬರೆದ. ಪ್ರೊಸೆಸರಿನ ಹೆಸರು, ಕೋರ್, ವೇಗ, ಬಿಸಿ, ಸಾಕೆಟ್. ಹೆಸರು ಕೆಂಪಿನಲ್ಲಿ, ಅದಕ್ಕೆ ಹಳದಿಯ ನೆರಳು. ಹೊಸ ಮಾಡೆಲ್ ಬಂದಾಗಲೆಲ್ಲ ಹಳೆಯ ಸಾಲಿಗೆ ಬಣ್ಣ ಹೊಡೆದು ಮೇಲೆ ಬರೆಯುತ್ತಿದ್ದ. ಒಂಬತ್ತು ವರ್ಷದಲ್ಲಿ ಆ ತಗಡು ದಪ್ಪವಾಯಿತು.

‘ನನಗೊಂದು ಕಾಗದ ಬರೆದೋರಲ್ಲ, ಆ ಬಿಲ್ಲೆಗೆ ನೆರಳು ಕೊಟ್ಟು ಬರೀತಾರೆ,’ ಎನ್ನುತ್ತಿದ್ದಳು ಅತ್ತಿಗೆ. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ‘ಇವರ ರಕ್ತ ತೆಗೆದು ನೋಡಿದ್ರೂ ಎಷ್ಟು ಕೋರ್ ಅಂತಲೇ ರಿಪೋರ್ಟ್ ಬರುತ್ತೆ.’

ಈ ನಡುವೆ ಹಳೆಯ ಕಂಪ್ಯೂಟರಿಗೂ ಬಿಡುವಿರಲಿಲ್ಲ. ದಿನವೂ ಸಂಜೆ ಕೆಲಸದಿಂದ ಬಂದವನು ಬಾಗಿಲು ಹಾಕಿಕೊಂಡು, ಒಂದೆರಡು ಚಿತ್ರ ತೆಗೆದು ನೋಡಿ, ಅಳಿಲಿನ ಬಾಲವನ್ನೋ ಬೀದಿಯ ಬಿಸಿಲನ್ನೋ ತಿದ್ದುತ್ತಿದ್ದ. ಚಿನಕುರಳಿ ಶಾಲೆಯಿಂದ ಬಂದು ಆ ಬಾಗಿಲನ್ನು ತುಸು ತೆರೆದು ಕೇಳುತ್ತಿದ್ದಳು.

‘ಅಪ್ಪಾ, ಇವತ್ತು ನನ್ನ ಸರದೀನಾ?’

‘ಪ್ರೊಸೆಸರ್ ಬರಲಿ ಪುಟ್ಟಾ.’

ಎಂಟರಲ್ಲಿ ದಿನವೂ ಕೇಳಿದಳು. ಹತ್ತರಲ್ಲಿ ವಾರಕ್ಕೊಮ್ಮೆ. ಹನ್ನೆರಡಾಗುವ ಹೊತ್ತಿಗೆ ಕೇಳುವುದನ್ನು ಬಿಟ್ಟಿದ್ದಳು, ಯಾವ ದಿನ ಬಿಟ್ಟಳು ಎಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ನಾನು ಮಾತ್ರ ಒಮ್ಮೆ ಅವಳಿಗೆ ಹೊಸ ಫ್ರಾಕಿನ ಅಳತೆ ತೆಗೆದವಳು, ಟೇಪು ಕೊರಳಲ್ಲಿ ಹಾಕಿಕೊಂಡೇ ಅಣ್ಣನ ಕೋಣೆಗೆ ಹೋದೆ.

‘ಭುಜ ಎರಡಿಂಚು ಜಾಸ್ತಿ ಆಗಿದೆ ಅಣ್ಣಾ. ಚಿತ್ರ ಯಾವಾಗ್ಲಾದ್ರೂ ಆಗ್ಲಿ. ಆ ಹನ್ನೊಂದು ಮಾತು ಈಗ್ಲೇ ಮೊಬೈಲ್‌ನಲ್ಲಾದ್ರೂ ಹಿಡಿದಿಟ್ಕೋ.’

‘ಹಸಿ ಬಣ್ಣದ ಮೇಲೆ ಬರಿ ಅಂತೀಯಾ? ಚಿತ್ರ ನೋಡ್ಕೊಂಡು ಹೇಳಿದ್ರೆ ಅಲ್ವೇನೇ ಮಾತಿಗೆ ಜೀವ ಬರೋದು.’

ಅವನಿಗೆ ಹೇಳಿಕೊಡುವಷ್ಟು ನನಗೆಲ್ಲಿ ತಿಳಿದಿತ್ತು. ನನ್ನ ಮೆಷಿನ್ ಮುಂದೆ ಬಂದು ಕೂತೆ. ಆಗಲೇ ಕೈಹಿಡಿದು ಜಗ್ಗಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಚಿನಕುರಳಿಗೆ ಹದಿನೇಳು ತುಂಬಿದ್ದಾಗ ಒಂದು ಮಧ್ಯಾಹ್ನ ಅಣ್ಣ ಅದೇ ಸ್ಟೂಲಿನ ಮೇಲೆ ಕೂತಿದ್ದ. ಕಪಾಟಿನಲ್ಲಿ ಹದಿನಾರು ಕೋರಿನದು ಬಂದು ಎಂಟು ತಿಂಗಳಾಗಿತ್ತು. ಇನ್ನು ಮೂರು ತಿಂಗಳಿಗೆ ಅದರ ತಮ್ಮ ಬರುವುದಿತ್ತು. ಎರಡನ್ನೂ ತೂಗಿ ನೋಡಲು ತಗಡಿನ ಮೇಲೆ ಬರೆದಿದ್ದ ಒಂದು ಅಂಕಿ ಬೇಕಾಗಿ, ಅತ್ತಿಗೆಯ ಮೊಬೈಲಿಗೆ ಫೋನ್ ಮಾಡಿದ. ಮುಂದಿನದನ್ನು ನನಗೆ ಹೇಳಿದ್ದು ಅಂಗಡಿಯವನು, ಫೋನಿನ ದನಿ ಜೋರಾಗಿದ್ದರಿಂದ ಅವನಿಗೆ ಆ ಕಡೆಯ ಮಾತೂ ಕೇಳಿಸಿತ್ತು.

‘ಲೇ, ಬೋರ್ಡ್ ನೋಡಿ ಮೂರನೇ ಸಾಲಲ್ಲಿ ಬಿಸಿ ಎಷ್ಟಿದೆ ಹೇಳು,’ ಎಂದನಂತೆ ಅಣ್ಣ. ಆ ಕಡೆಯಿಂದ ಅಂಕಿ ಹೇಳಿದ್ದಾಯಿತು. ಬರೆದುಕೊಂಡ. ಆಮೇಲೆ, ‘ಮಗಳು ಕಾಲೇಜಿಂದ ಬಂದ್ಲಾ?’ ಎಂದು ಕೇಳಿದ. ಹೂಂ ಎಂದು ಉತ್ತರ ಬಂತು. ಅಣ್ಣ ದನಿ ತಗ್ಗಿಸಿ, ‘ಅವಳು ಈಗೀಗ ನನ್ನ ಹತ್ರ ಮಾತೇ ಆಡಲ್ಲ ಕಣೇ. ನಿನಗೇನಾದ್ರೂ ಹೇಳಿದ್ಲಾ? ನನ್ನ ಮೇಲೆ ಸಿಟ್ಟಾ?’ ಎಂದ.

 ‘ಅಪ್ಪಾ, ನಾನೇ,’ ಎಂದಳು ಮಗಳು. ಅಷ್ಟು ಹೊತ್ತೂ ಅವಳ ದನಿಯನ್ನು ಅಣ್ಣ ಅತ್ತಿಗೆಯದು ಎಂದುಕೊಂಡಿದ್ದ.

ಅಣ್ಣ ಫೋನನ್ನು ಕಿವಿಯಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಅವನ ಮುಖ ನೋಡಿ ಅಂಗಡಿಯವನು ಯಾರಿಗೋ ಏನೋ ಆಗಿರಬೇಕು ಎಂದುಕೊಂಡು ನೀರು ತಂದುಕೊಟ್ಟ. ನೀರು ಕುಡಿದು, ‘ಇದನ್ನೇ ಕೊಡಿ,’ ಎಂದ ಅಣ್ಣ.

‘ಸರ್, ಮೂರು ತಿಂಗಳು ತಡೆದ್ರೆ—’

‘ಬೇಡ. ಇವತ್ತು ಏನಿದೆಯೋ ಅದೇ ಸಾಕು.’

ಮದರ್‌ಬೋರ್ಡು, ಮೆಮೊರಿ, ಕೂಲರ್ ಎಲ್ಲ ಕಟ್ಟಿ ಕೊಡುವಾಗ ಅಂಗಡಿಯವನು ಮಾತಿಗೆ ಮಾತು ಬಂದು, ‘ವಾಯ್ಸ್ ಎಲ್ಲ ಮುಂಚೆನೇ ಆಗಿರುತ್ತಲ್ಲ ಸರ್, ಅನಿಮೇಷನ್‌ಗೆ ಅದೇ ಮೊದಲು ಅಲ್ವಾ?’ ಎಂದು ಕೇಳಿದ. ಅಣ್ಣ ದುಡ್ಡು ಎಣಿಸಿ ಕೊಟ್ಟು ಪೆಟ್ಟಿಗೆಗಳನ್ನು ಎತ್ತಿಕೊಂಡ. ಮನೆಗೆ ಬಂದು ಪೆಟ್ಟಿಗೆಗಳನ್ನು ಊಟದ ಮೇಜಿನ ಮೇಲೆ ಜೋಡಿಸಿಟ್ಟಾಗ ಅತ್ತಿಗೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಮೇಲೆ ಅತ್ತಿಗೆ ಊಟದ ತಟ್ಟೆಗಳನ್ನು ನೆಲದ ಮೇಲೆ ಹಾಕಿದಳು.

ಮಾರನೇ ಬೆಳಿಗ್ಗೆ ಅವನೇ ಕಂಪ್ಯೂಟರ್ ಕಟ್ಟಿದ. ಪ್ರೊಸೆಸರಿನ ಮೂಲೆಯಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಬಿಲ್ಲೆಯನ್ನು ಒತ್ತದೆ ಹಾಗೇ ಇಳಿಬಿಟ್ಟು, ಪಕ್ಕದ ಸರಳು ಮಡಚಿದ. ಅದರ ಮೇಲೆ ಕಡಲೆಕಾಳಿನಷ್ಟು ಬೂದು ಬಣ್ಣದ ಪೇಸ್ಟು ಇಟ್ಟು ಕೂಲರ್ ಕೂರಿಸಿದ. ಐವತ್ತು ದಾಟಿದ್ದರೂ ಕುಂಚ ಹಿಡಿದ ಕೈ ತುಸುವೂ ಅಲುಗಲಿಲ್ಲ. ಎಲ್ಲ ಸೇರಿ ಅರ್ಧ ದಿನವೂ ಹಿಡಿಯಲಿಲ್ಲ.

ಹೊಸ ಕಂಪ್ಯೂಟರ್ ಒಂದು ಚಿತ್ರವನ್ನು ಎರಡೂವರೆ ನಿಮಿಷದಲ್ಲಿ ಬರೆಯಿತು. ಅದಕ್ಕೆ ಸದ್ದೂ ಇರಲಿಲ್ಲ, ಹತ್ತಿರ ಹೋದರೆ ಯಾರೋ ಉಸಿರಾಡಿದಷ್ಟು ಕೇಳುತ್ತಿತ್ತು. ವರ್ಷಗಟ್ಟಲೆ ಗಿರಣಿಯ ಗದ್ದಲ ಕೇಳಿದ್ದ ಮನೆಗೆ ಆ ಮೌನ ಹೊಂದಿಕೊಳ್ಳಲು ಎರಡು ದಿನ ಬೇಕಾಯಿತು. ಹದಿನೈದನೇ ದಿನ ಮಧ್ಯಾಹ್ನ ಸಿನಿಮಾ ಮುಗಿಯಿತು. ನಾಲ್ವರೂ ಕೂತು ನೋಡಿದೆವು. ಸುಳ್ಳು ಯಾಕೆ ಹೇಳಲಿ, ನಾನು ಅಷ್ಟು ಚೆಂದದ್ದನ್ನು ನೋಡಿರಲಿಲ್ಲ. ಗಾಳಿಗೆ ಅಳಿಲಿನ ಕೂದಲು ಅಲುಗುತ್ತಿತ್ತು. ಬೀದಿಯ ಬೋರ್ಡುಗಳಲ್ಲೆಲ್ಲ ಅಣ್ಣನ ಅಕ್ಷರ ಇತ್ತು. ಮರಿ ದಾರಿಹೋಕರ ಮುಂದೆ ನಿಂತು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದನಿ ಮಾತ್ರ ಇರಲಿಲ್ಲ.

ಅಣ್ಣ ಒಂದು ವಾರ ಹಳೆಯ ಮೊಬೈಲುಗಳನ್ನೆಲ್ಲ ಹುಡುಕಿ ಚಾರ್ಜ್ ಮಾಡಿ ಕಿವಿಗೆ ಹಿಡಿದ. ಸಿಕ್ಕಿದ್ದು ಒಂದು ಹಾಡಿನ ಎರಡು ಸಾಲು, ಒಂದು ಅಳು, ಅಮ್ಮನ ಜೊತೆ ಸಾಕ್ಸಿಗಾಗಿ ಆಡಿದ ಜಗಳ. ಒಂದು ದಿನ ನಾನು ಒಳಗೆ ಹೋದಾಗ ಅವನು ಆ ಸಾಕ್ಸಿನ ಜಗಳವನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದ. ‘ಎಷ್ಟು ಎಳೀತಿದ್ಲು ನೋಡೇ ಮಾತನ್ನ,’ ಎಂದ. ಕಣ್ಣು ಕೆಂಪಾಗಿತ್ತು. ಆ ದನಿ ಬೇಕು ಎಂದು ಅವನ ಮೈಯೆಲ್ಲ ಕೇಳುತ್ತಿತ್ತು. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಕೊನೆಗೆ ಮಗಳೇ, ‘ನಾನು ಸಣ್ಣ ದನಿ ಮಾಡಿ ಹೇಳ್ತೀನಿ, ರೆಕಾರ್ಡ್ ಮಾಡ್ಕೋ,’ ಎಂದಳು. ನನ್ನ ಕೋಣೆಯಲ್ಲಿ ಸುತ್ತಲೂ ಬಟ್ಟೆಯ ಗಂಟುಗಳಿರುವುದರಿಂದ ದನಿ ಗೋಡೆಗೆ ಬಡಿದು ಮರುಕಳಿಸುವುದಿಲ್ಲ. ಅಲ್ಲೇ ಭಾನುವಾರ ಬೆಳಿಗ್ಗೆ ಮೈಕು ಇಟ್ಟರು. ಅಣ್ಣ ಹೆಡ್‌ಫೋನ್ ಹಾಕಿಕೊಂಡು ಮಾತುಗಳ ಹಾಳೆಯನ್ನು ಅವಳ ಕೈಗೆ ಕೊಟ್ಟ.

‘ನಮ್ಮಮ್ಮನ್ನ ನೋಡಿದ್ರಾ?’ ಎಂದಳು ಮೂಗಿನಲ್ಲಿ. ದೊಡ್ಡವರು ಮಕ್ಕಳನ್ನು ಅಣಕಿಸಿದ ಹಾಗಿತ್ತು. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಅವಳಿಗೇ ನಗು ಬಂತು, ಆಮೇಲೆ ನಗು ನಿಂತಿತು. ಅಣ್ಣ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮಡಚಿದ.

‘ಬಿಡಮ್ಮ. ನಿನ್ನ ತಪ್ಪಿಲ್ಲ ಇದರಲ್ಲಿ.’

ಅವಳು ಎದ್ದು ಹೋಗಲಿಲ್ಲ. ಅಲ್ಲೇ ಕೂತು, ತನ್ನ ಈಗಿನ ದನಿಯಲ್ಲಿ, ಹಾಳೆಯಿಲ್ಲದೆ, ಹನ್ನೊಂದು ಮಾತನ್ನೂ ಒಂದರ ಹಿಂದೆ ಒಂದರಂತೆ ಹೇಳಿ ಮುಗಿಸಿದಳು. ಎಲ್ಲಿ ಮರಿ ಉಸಿರು ಎಳೆದುಕೊಳ್ಳಬೇಕೋ ಅಲ್ಲಿ ಎಳೆದುಕೊಂಡಳು. ಎಲ್ಲಿ ಅಳು ತಡೆಯಬೇಕೋ ಅಲ್ಲಿ ತಡೆದಳು. ಒಂದು ಅಕ್ಷರ ತಪ್ಪಲಿಲ್ಲ.

‘ಇದೆಲ್ಲ ಯಾವಾಗ ಕಲಿತೆ?’ ಎಂದ ಅಣ್ಣ.

‘ಎಂಟು ವರ್ಷ ಇದ್ದಾಗ. ದಿನಾ ಸಂಜೆ ನಿನ್ನ ಬಾಗಿಲ ಹೊರಗೆ ನಿಂತು ಹೇಳ್ತಿದ್ದೆ. ಚೆನ್ನಾಗಿ ಹೇಳಿದ್ರೆ ಒಳಗೆ ಕರೀತೀಯ ಅಂದ್ಕೊಂಡಿದ್ದೆ.’

‘ನನಗೆ ಕೇಳಿಸ್ಲೇ ಇಲ್ವಲ್ಲೇ.’

‘ಫ್ಯಾನ್ ಸದ್ದು ಜೋರಿತ್ತಲ್ಲಪ್ಪ.’

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಅವಳು ಅಪ್ಪನಿಗೆ ಸಮಾಧಾನ ಮಾಡುವವಳ ಹಾಗೆ ಹೇಳಿದಳು. ಆ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲೇ ಕೂತು ಮೆಷಿನ್ ತುಳಿಯುತ್ತಿದ್ದ ನನಗೂ ಅದು ಒಂದು ದಿನವೂ ಕೇಳಿಸಿರಲಿಲ್ಲ. 

ಅಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಮೈಕನ್ನೂ ಆರಿಸಿದ. ‘ನನ್ನ ಕೋಣೆ ಬಾಗಿಲ ಹತ್ರ ನಿಂತು ಇನ್ನೊಂದ್ಸಲ ಹೇಳಮ್ಮ,’ ಎಂದ.

ಅವಳು ಎದ್ದು ಹೋಗಿ ಬಾಗಿಲಿಗೆ ಒರಗಿ ನಿಂತು, ಮೊದಲಿನಿಂದ ಶುರು ಮಾಡಿದಳು. ಅಪ್ಪನಿಗಿಂತ ಎರಡು ಬೆರಳಷ್ಟೇ ಕುಳ್ಳಗಿದ್ದಳು. ಅವಳ ಮಾತು ಮುಗಿಯುವವರೆಗೂ ಅಣ್ಣ ಬಾಗಿಲ ಕಡೆಯೇ ನೋಡುತ್ತಿದ್ದ. ಅವನ ಕಣ್ಣು ಕೆಳಗೆ, ಬಾಗಿಲ ಹಿಡಿಯ ಮಟ್ಟದಲ್ಲಿ, ಎಂಟು ವರ್ಷದ ಮಗುವಿನ ಮುಖ ಬರುವಷ್ಟು ಎತ್ತರದಲ್ಲಿ ನಿಂತಿತ್ತು.